ನಿಜಗಲ್ಲಿನ ಕಥೆ ಬರೆದ ಕರ್ನಲ್

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆಯನ್ನು ದಾಟಿದರೆ ನಿಜಗಲ್ಲು ದುರ್ಗದ ಬೆಟ್ಟ ಕಣ್ಣಿಗೆ ಬೀಳುತ್ತದೆ. ಪೇಟೆಗೆ ಹೆಸರು ಬಂದದ್ದು ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಬೆಟ್ಟದ ಕಥೆಯನ್ನು ಗ್ರಂಥಸ್ಥಗೊಳಿಸಿದವನೂ ಒಬ್ಬ ಬ್ರಿಟಿಷ್ ಸೈನಿಕನೇ. ಅವನು ಕರ್ನಲ್ ಮಾರ್ಕ್ ವಿಲ್ಕ್ಸ್.

ಮ್ಯಾನ್ ದ್ವೀಪದಲ್ಲಿ ಜನಿಸಿದ ವಿಲ್ಕ್ಸ್ ಮದರಾಸಿನ ಕುಂಪಣಿ ಸೈನ್ಯವನ್ನು ಸೇರಿ, ಪೂರ್ಣಯ್ಯನವರು ದಿವಾನರಾಗಿದ್ದಾಗ, 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದನು. ಕನ್ನಡ ಕಡತಗಳ ಮತ್ತು ಪಾರಸಿ ಬರಹಗಳ ಆಧಾರದಿಂದ ಅವನು ಮೈಸೂರಿನ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ರಚಿಸಿದನು. ಮೊದಲನೆಯದು ಪ್ರಕಟವಾದದ್ದು 1810ರಲ್ಲಿ, ಉಳಿದೆರಡು 1817ರಲ್ಲಿ. ನಡುವೆ ಸೇಂಟ್ ಹೆಲೀನಾದ ಗವರ್ನರನಾಗಿದ್ದಾಗಲೇ, 1815ರಲ್ಲಿ, ಸೋತ ನೆಪೋಲಿಯನ್ ಬಂದಿಯಾಗಿ ಆ ದ್ವೀಪಕ್ಕೆ ಬಂದನು. ಯುದ್ಧಗಳ ಕಥೆಗಾರನಿಗೆ ಯುದ್ಧಗಳ ನಾಯಕನೇ ಅತಿಥಿಯಾದದ್ದು ವಿಧಿಯ ವಿನೋದ!

1770ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲನ್ನು ಮುತ್ತಿದನು. ಹೈದರಾಲಿಯ ಪರವಾಗಿ ಕೋಟೆಯನ್ನು ಕಾಯುತ್ತಿದ್ದವನು ಸರದಾರ್ ಖಾನ್. ಮೂರು ತಿಂಗಳಾದರೂ ಕೋಟೆ ಮಣಿಯಲಿಲ್ಲ. ಕಡೆಗೆ ಚಿತ್ರದುರ್ಗದ ಪಾಳೆಯಗಾರನ ಬೇಡರ ಪಡೆ ಲಗ್ಗೆ ಹತ್ತಿ ಅದನ್ನು ಗೆದ್ದಿತು. ವಿಳಂಬದಿಂದ ಕೆರಳಿದ ಪೇಶ್ವೆ, ಬದುಕುಳಿದ ಸೈನಿಕರ ಕಿವಿಮೂಗು ಕೊಯ್ಯಲು ಆಜ್ಞಾಪಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಶಿಕ್ಷೆ ನಡೆಯುತ್ತಿರುವಾಗಲೇ ಸರದಾರ್ ಖಾನನನ್ನು ಎದುರಿಗೆ ತಂದು ನಿಲ್ಲಿಸಿದರು. ಈ ಶಿಕ್ಷೆಗೆ ನೀನು ಅರ್ಹನಲ್ಲವೇ ಎಂದು ಪೇಶ್ವೆ ಕೇಳಲು, ಅಂಗಭಂಗ ತನ್ನದಾದೀತು, ಅಪಕೀರ್ತಿ ಮಾತ್ರ ಪೇಶ್ವೆಯದು ಎಂದು ಅವನು ಉತ್ತರಿಸಿದನಂತೆ. ಪೇಶ್ವೆ ಅವನನ್ನು ಒಡನೆಯೇ ಬಿಟ್ಟುಬಿಟ್ಟನು.

ವಿಲ್ಕ್ಸ್ ಕುಂಪಣಿಯ ಉಪ್ಪುಂಡವನು. ಟಿಪ್ಪುವಿನ ವಿಷಯದಲ್ಲಿ ಅವನ ಲೇಖನಿ ನಿಷ್ಠುರವಾದುದು. ಗೆದ್ದವರ ಕಡೆಯಿಂದ ಬಂದ ಚರಿತ್ರೆಯನ್ನು ಒರೆಗೆ ಹಚ್ಚಿಯೇ ಓದಬೇಕು. ಹಯವದನರಾಯರಂಥ ವಿದ್ವಾಂಸರು ಮುಂದೆ ಮೈಸೂರಿನ ಚರಿತ್ರೆಯನ್ನು ಹೊಸದಾಗಿ ಬರೆದದ್ದು ಅದಕ್ಕಾಗಿಯೇ ಅಗತ್ಯವಾಗಿತ್ತು. ಆದರೆ ಹೈದರನ ಸೇನಾನಿಯೊಬ್ಬನ ಧೀರೋತ್ತರವನ್ನು ಮುಚ್ಚಿಡದೆ ಬರೆದದ್ದು ಆ ಲೇಖನಿಯ ಹಿರಿಮೆ.

ಒಂದು ಕೊರತೆ ಮಾತ್ರ ಉಳಿದಿದೆ. ಸರದಾರನ ಸರದಿ ಬರುವ ಮೊದಲೇ ಶಿಕ್ಷೆಗೊಳಗಾದ ಬಡ ಸಿಪಾಯಿಗಳ ಹೆಸರು ವಿಲ್ಕ್ಸನ ಪುಟಗಳಲ್ಲಿಲ್ಲ. ಚರಿತ್ರೆ ಉತ್ತರ ಕೊಟ್ಟವನನ್ನು ನೆನೆಯಿತು. ಉತ್ತರ ಕೊಡುವ ಅವಕಾಶವೇ ಸಿಗದವರನ್ನು ಮರೆಯಿತು. ದಾಬಸ್‌ಪೇಟೆಯ ಹಾದಿಯಲ್ಲಿ ಹೋಗುವವರು ಆ ಬೆಟ್ಟದ ಕಡೆ ತಿರುಗಿದಾಗ ಅವರನ್ನೂ ಒಮ್ಮೆ ನೆನೆಯುವುದು ಉಚಿತ.