ಗುಮ್ಮಟದಿಂದ ಓಣಿಗೆ ಬರ್ರಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಹೋಗುವುದಿಲ್ಲ. ತೆಗೆಸಿಕೊಳ್ಳಲಿ. 1656ರ ಆ ಕಟ್ಟಡಕ್ಕೆ ಕಾವಲಿದೆ, ಬೇಲಿಯಿದೆ, ಪುರಾತತ್ವ ಇಲಾಖೆಯ ಫಲಕವಿದೆ. ಅದರ ಚಿತ್ರಕ್ಕೂ ಬರವಿಲ್ಲ. 1855ರಲ್ಲೇ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಫೋಟೊ ತೆಗೆಯಲೆಂದೇ ನೇಮಿಸಿ ನಮ್ಮ ಕಡೆ ಕಳಿಸಿತ್ತು. ಅವನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬಿಜಾಪುರದ ವಾಸ್ತುಶಿಲ್ಪದ ದೊಡ್ಡ ಪುಸ್ತಕದಲ್ಲಿವೆ. ಮಸೀದಿ, ಗೋರಿ, ಮಹಲುಗಳು ಆ ಕಾಲಕ್ಕೆ ಹೇಗಿದ್ದವೆಂದು ಅದರಿಂದ ತಿಳಿಯುತ್ತದೆ. ಅದೇ ಊರಿನ ಬಡವರ, ನೇಕಾರರ, ವ್ಯಾಪಾರಸ್ಥರ ಮನೆಗಳು ಹೇಗಿದ್ದವು? ಅದು ಆ ಪುಸ್ತಕದ ವಿಷಯವಾಗಿರಲಿಲ್ಲ. ಇವತ್ತಿಗೂ ನಮ್ಮ ಮೊಬೈಲುಗಳ ವಿಷಯವಾಗಿಲ್ಲ.

ಮಸೂತಿಯ, ಬಸವನ ಬಾಗೇವಾಡಿಯ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಂಧುಗಳೇ, ನನ್ನ ಕೋರಿಕೆ ದೊಡ್ಡದಲ್ಲ. ನಿಮ್ಮ ಊರಿನ ಹಳೆಯ ಓಣಿಯಲ್ಲಿ ಅಗಸಿಯಿಂದ ಶುರುಮಾಡಿ ಒಮ್ಮೆ ಕಾಲ್ನಡಿಗೆಯಲ್ಲಿ ತಿರುಗಿ, ಕಂಡದ್ದರ ಫೋಟೊ ತೆಗೆಯಿರಿ. ತಡಮಾಡಬೇಡಿ.

ತಡವಾದರೆ ಏನಾಗುತ್ತದೆಂದು ಕೃಷ್ಣೆಯ ದಂಡೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಹಿನ್ನೀರು ಏರಿದಂತೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ಜನ ನವನಗರಕ್ಕೆ ನಡೆದರು. ನಮ್ಮ ಪಕ್ಕದ ಕೊಲ್ಹಾರವೂ ಹೊಳೆಯ ದಂಡೆ ಬಿಟ್ಟು ಮೇಲೆ ಬಂತು. ಊರಿಗೆ ಹೆಸರು ತಂದ ಗಡಿಗೆಯ ಗಟ್ಟಿ ಮೊಸರು ಜೊತೆಗೆ ಬಂತು, ಮನೆಗಳು ಬರಲಿಲ್ಲ. ಹಾಗೆ ಎದ್ದುಬಂದ ಕುಟುಂಬಗಳಲ್ಲಿ ಹಳೆಯ ಮನೆಯ ಚಿತ್ರ ಕೇಳಿ ನೋಡಿ. ಮದುವೆಯ ಆಲ್ಬಮ್ ತರುತ್ತಾರೆ. ಮದುಮಕ್ಕಳ ಹೆಗಲಾಚೆ ಅರ್ಧ ಬಾಗಿಲು, ಮಾವಿನ ತೋರಣದ ಹಿಂದೆ ಒಂದು ಕಂಬ, ಬೀಗರು ಸಾಲಾಗಿ ನಿಂತಲ್ಲಿ ಕಟ್ಟೆಯ ಒಂದು ಮೂಲೆ. ಮನೆಯನ್ನೇ ಎದುರಿಗಿಟ್ಟುಕೊಂಡು ಫೋಟೊ ತೆಗೆಯಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮನೆ ಎಲ್ಲಿ ಹೋಗುತ್ತದೆ ಎಂಬ ಭರವಸೆ.

ನೀರಿನ ಮಾತು ಮುಗಿದಿಲ್ಲ. ಈಗ 519.60 ಮೀಟರಿಗೆ ನಿಲ್ಲುವ ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದ ದಿನ ಇನ್ನಷ್ಟು ಊರುಗಳು ಗಂಟು ಕಟ್ಟಬೇಕು. ನೀರು ಬಾರದ ಊರಲ್ಲೂ ಹಳೆಯದು ಉಳಿಯುತ್ತಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ವಾಡೆಯ ನಡುವೆ ಗೋಡೆ ಏಳುತ್ತದೆ, ರಸ್ತೆ ಅಗಲವಾಗುವಾಗ ಕಟ್ಟೆ ಹೋಗುತ್ತದೆ. ಮಣ್ಣಿನ ಮನೆಯಲ್ಲೇ ಇರಿ ಎಂದು ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗುವವರಿಗೇ ಆ ಕಷ್ಟ ಗೊತ್ತು. ಕೆಡವುವ ಮುಂಚೆ ಒಂದು ಚಿತ್ರ ಇರಲಿ ಎನ್ನುತ್ತೇನೆ, ಅಷ್ಟೇ.

ಏನು ತೆಗೆಯಬೇಕು? ಮೊದಲು ಇಡೀ ಓಣಿ, ಆಮೇಲೆ ಇಡೀ ಮನೆ, ಆಮೇಲೆ ಒಳಗಿನದು. ಪಡಸಾಲೆಯಲ್ಲಿ ನಿಂತು ತಲೆ ಎತ್ತಿ ನೋಡಿ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲು ಗೋಡೆಯ ಮೇಲೆ ಸರಿಯುವುದನ್ನು ನೋಡಿ ಹೆಂಗಸರು ವೇಳೆ ಹೇಳುತ್ತಿದ್ದರು. ಗೋಡೆಯ ಮಾಡದಲ್ಲಿ ದೀಪದ ಕಪ್ಪು ಇನ್ನೂ ಇರುತ್ತದೆ. ಜೋಳ ತುಂಬುತ್ತಿದ್ದ ಹಗೇವಿನ ಬಾಯಿ ಎಲ್ಲಿತ್ತೆಂದು ಹಿರಿಯರನ್ನು ಕೇಳಿ, ಮುಚ್ಚಿದ್ದರೂ ಆ ಜಾಗದಲ್ಲಿ ಅವರನ್ನೇ ನಿಲ್ಲಿಸಿ ತೆಗೆಯಿರಿ. ವಿಜಯಪುರದವರಾದರೆ ಮನೆಗಳ ಸಂದಿಯಲ್ಲಿ ನಿಂತಿರುವ ಆದಿಲಶಾಹಿ ಕಾಲದ ನೀರಿನ ಗೋಪುರಗಳನ್ನು ಬಿಡಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಬಾಗಿಲಿನ ಕೆತ್ತನೆ ಎದ್ದು ಕಾಣುತ್ತದೆ. ನಮ್ಮ ಕಡೆಯ ನಡುಮಧ್ಯಾಹ್ನದ ಬೆಳಕಿನಲ್ಲಿ ಎಲ್ಲವೂ ಸಪಾಟಾಗಿ ಬಿಳಿಚಿಕೊಳ್ಳುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕೇಳದೆ ಯಾರ ಮನೆಯ ಮುಂದೂ ಮೊಬೈಲ್ ಎತ್ತಬೇಡಿ. ನಮ್ಮ ಜನ ಅಳತೆಗೆ ಬಂದವರನ್ನು, ಗೋಡೆಯ ಮೇಲೆ ನಂಬರು ಬರೆದು ಹೋದವರನ್ನು ನೋಡಿದ್ದಾರೆ. ಆಣೆಕಟ್ಟಿಗೆ ಭೂಮಿ ಹೋಯಿತು, ಕಾಲುವೆಗೆ ಹೋಯಿತು, ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೂ ಹೋಯಿತು. ಮನೆಯ ಫೋಟೊ ತೆಗೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಸಹಜ. “ಸರ್ವೇಕ್ಕ ಬಂದೀರೇನ್ರೀ? ಈಗ ಏನ್ ಹೋಗತದರೀ?” ಎಂದು ಅಜ್ಜಿಯೊಬ್ಬರು ಕೇಳಿದರೆ ಫೋನು ಜೇಬಿಗಿಟ್ಟು ಕಟ್ಟೆಯ ಮೇಲೆ ಕುಳಿತುಕೊಳ್ಳಿ. “ಏನೂ ಹೋಗೂದಿಲ್ಲ ಆಯೀ, ನಾ ಇಂಥವರ ಮಗ, ಹಳೇ ಮನಿ ನೆನಪಿಗಿರಲಿ ಅಂತ ಬಂದೀನಿ” ಎಂದು ತಿಳಿಸಿ ಹೇಳಿ. ಬ್ಯಾಡ ಎಂದರೆ ಎದ್ದು ಬನ್ನಿ. ಹೂಂ ಎಂದರೆ ಮನೆಯ ಕಥೆಯನ್ನೂ ಕೇಳಿ ಬರೆದುಕೊಳ್ಳಿ. ಹೆಣ್ಣುಮಕ್ಕಳ, ಚಿಕ್ಕ ಮಕ್ಕಳ ಮುಖ ಅವರ ಮನೆಯವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ. ತೆಗೆದ ಚಿತ್ರದ ಒಂದು ಪ್ರತಿ ತೊಳೆಸಿ ಆ ಮನೆಗೇ ಕೊಡಿ.

ತೆಗೆದದ್ದು ಉಳಿಯಬೇಕಲ್ಲ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ ಚಿತ್ರ ಕುಗ್ಗುತ್ತದೆ, ಕೆತ್ತನೆಯ ಸೂಕ್ಷ್ಮ ಕಳೆದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಊರು, ಓಣಿ, ತಾರೀಖು, ತೆಗೆದವರ ಹೆಸರು ಜೊತೆಗಿರಲಿ. ಇವಿಲ್ಲದ ಚಿತ್ರ ಮುಂದಿನವರಿಗೆ ಯಾವುದೋ ಊರಿನ ಯಾವುದೋ ಗೋಡೆ. ಹಳೆಯ ಆಲ್ಬಮ್ಮಿನ ಫೋಟೊಗಳ ಬೆನ್ನಿಗೂ ಪೆನ್ಸಿಲಿನಿಂದ ಮೆಲ್ಲಗೆ ಹೆಸರು ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಯ ಚಿತ್ರದ ಮೇಲೆ ಮೂಡುತ್ತದೆ. ಗುರುತು ಹಿಡಿಯುವ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ದುಡಿಯಲು ಪುಣೆ, ಬೆಂಗಳೂರು, ಗೋವಾಕ್ಕೆ ಹೋದ ತಮ್ಮಂದಿರೇ, ತಂಗಿಯರೇ, ಶ್ರಾವಣದಲ್ಲಿ ಬಾಗೇವಾಡಿಯ ಜಾತ್ರೆಗೆಂದು ಊರಿಗೆ ಬರುತ್ತೀರಿ. ಈ ಸಲ ಒಂದು ಮುಂಜಾನೆ ಓಣಿಗೆ ಮೀಸಲಿಡಿ, ಅಪ್ಪನನ್ನೋ ಆಯಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಚಿತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಹೆಸರುಗಳ ಪಟ್ಟಿ ಸಮೇತ, ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಟ್ಟು ಬಸ್ಸು ಹತ್ತಿರಿ.