ಮನೆಯ ಕಡತಕ್ಕೂ ಮಾರ್ಚ್ ಬರಲಿ



ಮಾರ್ಚ್ ಬಂತೆಂದರೆ ನಮ್ಮ ಯಜಮಾನರು ಮನೆ ಸೇರುವುದು ರಾತ್ರಿ ಎಂಟರ ಮೇಲೆಯೇ. ಸರ್ಕಾರಿ ಗುಮಾಸ್ತಿಕೆ ನೋಡಿ, 31ರೊಳಗೆ ಲೆಕ್ಕ ಮುಗಿಯಬೇಕು, ಮುಗಿದ ಕಡತ ರೆಕಾರ್ಡ್ ರೂಮಿಗೆ ಹೋಗಬೇಕು. “ಅಷ್ಟೊಂದು ಕಾಗದ ಇಟ್ಕೊಂಡು ಏನ್ ಮಾಡ್ತೀರ್ರೀ?” ಅಂತ ಒಂದು ದಿನ ಕೇಳಿದೆ. “ಎಲ್ಲಾ ಇಡಲ್ಲ ಕಣೇ. ‘ಎ’ ಅಂದ್ರೆ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ ತೆಗೀತೀವಿ” ಅಂದರು.

ಕಚೇರಿಯ ಕಾಗದಕ್ಕೆ ಇಷ್ಟು ಶಿಸ್ತು. ಮನೆಯದಕ್ಕೆ? ಮಂಚದ ಕೆಳಗಿನ ಟ್ರಂಕಿನಲ್ಲಿ ಕ್ರಯಪತ್ರದ ಮೇಲೆ ಮದುವೆಯ ಕರೆಯೋಲೆ, ಅದರ ಮೇಲೆ ಕರೆಂಟ್ ಬಿಲ್ಲು!

ನಗಬೇಡಿ. ನನ್ನ ಅಕ್ಕನ ಮನೆಯಲ್ಲೂ ಹೀಗೇ ಇತ್ತು. ನಿವೃತ್ತರಾಗಿದ್ದ ಭಾವ ಹಠಾತ್ತನೆ ತೀರಿಕೊಂಡರು. ಪಿಂಚಣಿ ಆದೇಶದ ಪ್ರತಿ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಏನಿದೆ, ಅಕ್ಕನಿಗೆ ಒಂದೂ ತಿಳಿಯದು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಕಣ್ಣೊರೆಸಿಕೊಂಡು ಹುಡುಕಲು ಕೂತೆವು. ಠೇವಣಿ ರಸೀದಿಯೊಂದು ಸಿಕ್ಕಿದ್ದು ರದ್ದಿಗೆ ಕಟ್ಟಿಟ್ಟ ಹಳೆಯ ಪಂಚಾಂಗದೊಳಗೆ. ನಾಮಿನಿ ಹೆಸರೋ, ಎಂದೋ ತೀರಿಹೋದ ಅವಳ ಅತ್ತೆಯದು. ಆ ಹಣ ಕೈಸೇರಲು ಒಂದು ವರ್ಷ ಅಲೆದಳು. “ಅವರಿದ್ದಾಗ ಇದೆಲ್ಲ ಕೇಳೋದು ಅಪಶಕುನ ಅಂತ ಸುಮ್ಮನಿದ್ದೆ ಕಣೇ” ಅಂದ ಮಾತು ಇನ್ನೂ ನನ್ನ ಎದೆಯಲ್ಲಿದೆ.

ಅಂದಿನಿಂದ ಮಾರ್ಚ್ ಕೊನೆಯ ಭಾನುವಾರ ನಾವಿಬ್ಬರೂ ಚಾಪೆ ಹಾಸಿ ಕೂತು, ಮೂರು ಕಟ್ಟು ಮಾಡ್ತೇವೆ.

ಮೊದಲನೆಯದು ಶಾಶ್ವತ: ಕ್ರಯಪತ್ರ, ಖಾತೆ, ಮನೆ ಕಂದಾಯದ ರಸೀದಿ, ಜನನ-ಮರಣ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್, ಪಿಂಚಣಿ ಕಾಗದ, ಸಾಲ ತೀರಿತೆಂಬ ಪತ್ರ.

ಎರಡನೆಯದು ಚಾಲ್ತಿ: ಠೇವಣಿ, ವಿಮೆ. ಮುಗಿಯುವ ತಾರೀಖು, ನಾಮಿನಿ ಹೆಸರು ಎರಡನ್ನೂ ಲಕೋಟೆಯ ಮೇಲೆ ಬರೆಯಿರಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2014ರಲ್ಲಿ ಬಂದ ಏರ್ಪಾಡು. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಆದರೆ ಕೇಳಲು, ಇದೆ ಅಂತ ಗೊತ್ತಿರಬೇಕಲ್ಲ!

ಮೂರನೆಯದು ವರ್ಷದ್ದು: ಕರೆಂಟ್, ನೀರು, ಗ್ಯಾಸಿನ ರಸೀದಿಗಳು. ಹೊಸ ವರ್ಷದ್ದು ಬಂದ ಮೇಲೆ ಹಳೆಯದನ್ನು ತೆಗೆಯಿರಿ. ಆಧಾರ್, ಖಾತೆ ಸಂಖ್ಯೆ ಇರುವುದನ್ನು ಮಾತ್ರ ಚೂರು ಚೂರು ಹರಿಯದೆ ರದ್ದಿಗೆ ಹಾಕಬೇಡಿ.

ಇನ್ನೆರಡು ಮಾತು. ಗುಂಡುಸೂಜಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆ, ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ, ದಾರದಿಂದ ಕಟ್ಟಿ. ಈಗಿನ ನುಣುಪು ಕಾಗದದ ಅಂಗಡಿ ಬಿಲ್ಲುಗಳ ಅಕ್ಷರ ತಾನೇ ಮಾಸಿಹೋಗುತ್ತದೆ. ಗ್ಯಾರಂಟಿಗೆ ಬೇಕಾದ್ದನ್ನು ಅಂದೇ ಜೆರಾಕ್ಸ್ ಮಾಡಿಸಿ. ಟ್ರಂಕನ್ನು ನೆಲಕ್ಕಿಡದೆ ಇಟ್ಟಿಗೆಯ ಮೇಲಿಡಿ.

ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾವುದು ಎಲ್ಲಿದೆ ಎಂದು ನಿಮ್ಮ ಕೈಯಾರೆ ಬರೆಯಿರಿ. ಯಜಮಾನರಿಂದ ಬರೆಸಬೇಡಿ, ಬರೆದವರಿಗೇ ನೆನಪು ಉಳಿಯುವುದು. ಕೇಳಲು ಸಂಕೋಚವೇ? ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಅಕ್ಕನ ಕಥೆ ಹೇಳಿ. ನಮ್ಮವರು ಮರುಮಾತಿಲ್ಲದೆ ಬೀಗದ ಕೈ ತಂದುಕೊಟ್ಟರು.