ಇಂಗ್ಲಿಷ್ ಕಲಿಯೋಣ: ಜ್ವರ ಇತ್ತೋ, ಇದೆಯೋ?

ಪತಿಯ ಜೊತೆ ಶಾರ್ಜಾದಲ್ಲಿರುವ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಪತಿ ಕೆಲಸಕ್ಕೆ ಹೋಗಿದ್ದಾಗ ಮಗುವನ್ನು ತಾವೊಬ್ಬರೇ ಆಸ್ಪತ್ರೆಗೆ ಕರೆದೊಯ್ದು, ಧೈರ್ಯ ಮಾಡಿ ವೈದ್ಯರಿಗೆ "ಹಿ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್" ಎಂದರಂತೆ. "ಜ್ವರ ಬಿಟ್ಟದ್ದು ಯಾವಾಗ?" ಎಂದು ವೈದ್ಯರು ಮರುಪ್ರಶ್ನೆ ಹಾಕಿದರಂತೆ. ಕೊನೆಗೆ ಮಗುವಿನ ಹಣೆ ಮುಟ್ಟಿ ನೋಡಿದ ಮೇಲೆಯೇ ಅವರಿಗೆ ವಿಷಯ ತಿಳಿದದ್ದು. "ನನ್ನ ಮಾತಿನಲ್ಲಿ ತಪ್ಪೇನಿತ್ತು?" ಎಂದು ಈ ಸಹೋದರಿ ಕೇಳಿದ್ದಾರೆ.

ಸಹೋದರೀ, ವಾಕ್ಯದಲ್ಲಿ ವ್ಯಾಕರಣ ದೋಷವೇನೂ ಇಲ್ಲ. ಆದರೆ ಕೇಳುವವರಿಗೆ ಅದು 'ಮೂರು ದಿನ ಜ್ವರ ಇತ್ತು, ಈಗಿಲ್ಲ' ಎಂದು ಕೇಳಿಸುತ್ತದೆ. ಇದು ಸಿಂಪಲ್ ಪಾಸ್ಟ್. ನಿಮ್ಮ ಮನಸ್ಸಿನಲ್ಲಿದ್ದದ್ದು 'ಮೂರು ದಿನದಿಂದ ಜ್ವರ ಇದೆ' ಎಂಬುದು. ಅದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಬೇಕು: "ಹಿ ಹ್ಯಾಸ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್." ಹ್ಯಾಸ್, ಹ್ಯಾಡ್ ಅಕ್ಕಪಕ್ಕ ಬಂದವೆಂದು ಗಾಬರಿಯಾಗಬೇಡಿ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು 'ಹ್ಯಾವ್' ಕ್ರಿಯಾಪದದ ಮೂರನೇ ರೂಪ. ನಮ್ಮಲ್ಲಿ ಹಲವರು "ಹಿ ಹ್ಯಾಸ್ ಫೀವರ್ ಸಿನ್ಸ್ ತ್ರೀ ಡೇಸ್" ಎನ್ನುತ್ತಾರೆ. ವೈದ್ಯರಿಗೇನೋ ಅರ್ಥವಾಗುತ್ತದೆ, ಆದರೆ ಅದು ಇಂಗ್ಲಿಷ್ ಬಟ್ಟೆ ತೊಟ್ಟ ಕನ್ನಡ. 'ಸಿನ್ಸ್' ಬಳಸುವುದಾದರೆ ಶುರುವಾದ ದಿನ ಹೇಳಬೇಕು, 'ಸಿನ್ಸ್ ಮಂಡೇ' ಎಂಬ ಹಾಗೆ. ಮಗು ಈಗ ಗುಣಮುಖ ಎಂದೂ ಪತ್ರದಲ್ಲಿದೆ, ಅಲ್‌ಹಮ್ದುಲಿಲ್ಲಾಹ್. ಹಾಗಾಗಿ ನಿಮ್ಮ ಅಂದಿನ ವಾಕ್ಯ ಇಂದು ಸರಿಯಾಗಿದೆ!

ಇನ್ನೊಂದು ಉದಾಹರಣೆ ನೋಡಿ. ಅಸ್ರ್ ನಮಾಝಿನ ಸಮಯ ಇನ್ನೂ ಇದೆ. ಆಗ ಮಗನಿಗೆ "ಹ್ಯಾವ್ ಯು ಪ್ರೇಡ್ ಅಸ್ರ್?" ಎಂದು ಕೇಳುತ್ತೇವೆ. ಮಾಡಿಲ್ಲದಿದ್ದರೆ ಈಗಲೂ ಎದ್ದು ಹೋಗಬಹುದು. ಮಗ್ರಿಬ್ ಅಝಾನ್ ಆದ ಮೇಲೆ ಕೇಳುವುದಾದರೆ "ಡಿಡ್ ಯು ಪ್ರೇ ಅಸ್ರ್?" ಎನ್ನಬೇಕು. ಸಮಯ ಮುಗಿಯಿತು, ಕ್ರಿಯಾಪದವೂ ಬದಲಾಯಿತು.

ವ್ಯಕ್ತಿಗಳ ವಿಷಯದಲ್ಲೂ ಹೀಗೆಯೇ. ಸಾರಾ ಅಬೂಬಕ್ಕರ್ ಹಲವು ಕಾದಂಬರಿಗಳನ್ನು 'ಬರೆದಿದ್ದಾರೆ' ಎಂದು ಕನ್ನಡದಲ್ಲಿ ಈಗಲೂ ಹೇಳುತ್ತೇವೆ. ಅವರು 2023ರಲ್ಲಿ ತೀರಿಕೊಂಡರು. ಆದ್ದರಿಂದ ಇಂಗ್ಲಿಷಿನಲ್ಲಿ "ಶಿ ರೋಟ್" ಎಂದೇ ಬರಬೇಕು. ಬಾನು ಮುಷ್ತಾಕ್ ನಮ್ಮೊಂದಿಗಿದ್ದಾರೆ, ಇನ್ನೂ ಬರೆಯಬಹುದು. ಅವರಿಗೆ "ಶಿ ಹ್ಯಾಸ್ ರಿಟನ್" ಸರಿ. ಆದರೆ ಇಸವಿ ಬಂದ ಕೂಡಲೇ 'ಹ್ಯಾಸ್' ಹೊರಗೆ: "ಶಿ ವನ್ ದಿ ಇಂಟರ್‌ನ್ಯಾಷನಲ್ ಬೂಕರ್ ಪ್ರೈಜ್ ಇನ್ 2025." ಅಗಲಿದ ತಂದೆಯ ಬಗ್ಗೆ "ಮೈ ಫಾದರ್ ಹ್ಯಾಸ್ ಪರ್ಫಾರ್ಮ್ಡ್ ಉಮ್ರಾ ಟ್ವೈಸ್" ಎಂದು ಬರೆದರೆ, ಓದುವವರು ಅವರು ಬದುಕಿದ್ದಾರೆಂದೇ ತಿಳಿದು ಸಲಾಂ ಹೇಳಿ ಕಳುಹಿಸಿಯಾರು.

ನಾವು ಎಡವುವುದಕ್ಕೆ ನಮ್ಮ ಭಾಷೆಯೇ ಕಾರಣ. 'ನಿನ್ನೆಯೇ ಹೇಳಿದ್ದೇನಲ್ಲ' ಎಂಬುದು ಒಳ್ಳೆಯ ಕನ್ನಡ. ಅದನ್ನೇ "ಐ ಹ್ಯಾವ್ ಟೋಲ್ಡ್ ಯು ಯೆಸ್ಟರ್ಡೇ" ಎಂದು ಮಾಡಿದರೆ ಇಂಗ್ಲಿಷ್ ಒಪ್ಪುವುದಿಲ್ಲ. ಉದ್ಯೋಗದ ಅರ್ಜಿಗಳಲ್ಲಿ ಈ ತಪ್ಪು ಸಾಮಾನ್ಯ: "ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2019." ಇಲ್ಲಿ 'ಹ್ಯಾವ್' ತೆಗೆಯಿರಿ, ಇಲ್ಲವೇ ಇಸವಿ ತೆಗೆಯಿರಿ. ಅರ್ಜಿಯಲ್ಲಿ ಇಸವಿ ಬೇಕೇ ಬೇಕು, ಆದ್ದರಿಂದ 'ಹ್ಯಾವ್' ಹೋಗಲಿ.

"ಡಿಡ್ ಯು ಈಟ್ ಯೆಟ್?" ಎಂದು ಅಮೆರಿಕದವರು ಕೇಳುತ್ತಾರಲ್ಲ ಎಂದು ಮಕ್ಕಳು ವಾದಿಸಬಹುದು. ಹೌದು, 'ಯೆಟ್', 'ಆಲ್ರೆಡಿ', 'ಜಸ್ಟ್' ಇರುವಲ್ಲಿ ಅವರು ಸಿಂಪಲ್ ಪಾಸ್ಟ್ ಬಳಸುವುದುಂಟು. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಪದ್ಧತಿ. ಪರೀಕ್ಷೆಯಲ್ಲಿ "ಹ್ಯಾವ್ ಯು ಈಟನ್ ಯೆಟ್?" ಎಂದೇ ಬರೆಯಲಿ.